ಜನರಲ್ ಕುರ್ಚಿ ಬಿಟ್ಟ ವರ್ಷ

ದುಬೈಯ ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಆಫ್ರಿಕಾದ ಒಬ್ಬ ನರ್ಸ್ ಇದ್ದಳು. ಅವಳ ದೇಶವನ್ನು ಆಳುತ್ತಿದ್ದವನು ಒಬ್ಬ ಜನರಲ್. ಅವನ ವಿರುದ್ಧ ಮಾತಾಡಿದ್ದಕ್ಕೆ ಅವಳ ತಮ್ಮ ಜೈಲಿನಲ್ಲಿದ್ದ. ಆ ವರ್ಷ ಜನರಲ್ ಟಿವಿಗೆ ಬಂದು, ಚುನಾವಣೆ ಮಾಡಿಸುತ್ತೇನೆ, ಗೆದ್ದವರಿಗೆ ಕುರ್ಚಿ ಬಿಟ್ಟುಕೊಟ್ಟು ಹೋಗುತ್ತೇನೆ ಎಂದ. ಹೊರದೇಶದಲ್ಲಿದ್ದವರು ಅಬುಧಾಬಿಯ ರಾಯಭಾರ ಕಚೇರಿಯಲ್ಲೇ ಓಟು ಹಾಕಬಹುದಂತೆ.

ಅವಳಿಗೆ ನಂಬಿಕೆಯಿಲ್ಲ. ನಾವಿಬ್ಬರೂ ಆಡುತ್ತಿದ್ದದ್ದು ಹಿಂದಿ, ಅರಬಿ ಬೆರೆಸಿದ ಮುರುಕು ಮಾತು. ನನ್ನನ್ನು ಅವಳು ಕರೆಯುತ್ತಿದ್ದದ್ದು ಮಾಮಾ, ಅಂದರೆ ಅಮ್ಮ. "ಮಾಮಾ, ಅಲ್ಲಿ ನನ್ನ ಹೆಸರು ಕಂಡರೆ ತಮ್ಮನಿಗೆ ಇನ್ನೂ ಹೊಡೀತಾರೆ."

"ಜನರಲ್ ಚುನಾವಣೆಗೆ ನಿಂತಿದ್ದಾನಾ?"

"ಇಲ್ಲ."

"ಹಾಗಾದ್ರೆ ನಿನ್ನ ತಮ್ಮನಿಗೆ ಹೊಡೆದು ಅವನಿಗೆ ಎಂತ ಸಿಗ್ತದೆ? ಯಲ್ಲಾ, ನಡಿ, ನಾನೂ ಬರ್ತೇನೆ."

ಸೊಸೆ ಹಣೆಗೆ ಕೈಯಿಟ್ಟಳು. "ಉಮ್ಮಾ, ಯಾರದ್ದೋ ದೇಶದ ರಾಜಕೀಯ ನಿಮಗೆ ಎಂತಕ್ಕೆ?"

"ನನ್ನ ಓಟು ಹಾಕ್ಲಿಕ್ಕೆ ಊರಿಗೇ ಹೋಗ್ಬೇಕು. ನಿನ್ನ ಗಂಡ ಟಿಕೆಟ್ ತೆಗೀಲಿಲ್ಲ. ಇವಳದ್ದಾದ್ರೂ ನೋಡ್ತೇನೆ."

ಬಸ್ಸಿನಲ್ಲಿ ಅಬುಧಾಬಿಗೆ ಹೋದೆವು. ರಾಯಭಾರ ಕಚೇರಿಯ ಗೇಟಿನ ಹೊರಗೆ ಉದ್ದ ಸಾಲು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವನು ಜನರಲ್‌ನ ಗೂಢಚಾರನೋ ಏನೋ ಎಂದು ಎಲ್ಲರಿಗೂ ಅನುಮಾನ. ಇವಳು ನನ್ನ ತೋಳು ಹಿಡಿದು, "ವಾಪಸು ಹೋಗುವ," ಎಂದಳು. ನನಗೆ ಸಿಟ್ಟು ಬಂತು.

"ಇಲ್ಲಿ ಜನರಲ್‌ನ ಕಡೆಯವರು ಯಾರು? ಕೈ ಎತ್ತಿ!" ಎಂದು ಅದೇ ಮುರುಕು ಮಾತಿನಲ್ಲಿ ಕೂಗಿದೆ.

ಮುಂದೆ ನಿಂತಿದ್ದ ಮುದುಕನೊಬ್ಬ ಕೈ ಎತ್ತಿದ. "ನಾನು ಈ ಕಚೇರಿಯ ಅಡುಗೆಯವನು. ಅವನು ಬಂದಾಗ ನಾನೇ ಬೇಯಿಸಿದ್ದು. ಉಪ್ಪು ಜಾಸ್ತಿ ಅಂತ ಬೈದ. ಅವನಿಗೆ ಇನ್ನೊಮ್ಮೆ ಬೇಯಿಸುವ ಕೆಲಸ ಬೇಡ ಅಂತಲೇ ಓಟು ಹಾಕ್ಲಿಕ್ಕೆ ನಿಂತಿದ್ದೇನೆ, ಮಾಮಾ."

ಸಾಲಿಗೆ ಸಾಲೇ ನಕ್ಕಿತು. ಅವಳು ನನ್ನ ತೋಳು ಬಿಟ್ಟು ಒಳಗೆ ನಡೆದಳು. ನನ್ನನ್ನು ಕಾವಲಿನವನು ಗೇಟಿನಲ್ಲೇ ತಡೆದ. ಹೊರಗೆ ಬರುವಾಗ ಅವಳ ಬೆರಳಿಗೆ ಶಾಯಿ ಹತ್ತಿತ್ತು.

ಚುನಾವಣೆಯಲ್ಲಿ ಸೋತವರು ಗಲಾಟೆ ಮಾಡಿದರು. ಜನರಲ್ ಮಾತ್ರ ಹೇಳಿದ ದಿನವೇ ಕುರ್ಚಿ ಬಿಟ್ಟ. ಟಿವಿಯವರು ಅವನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಹೊಗಳುವುದಿಲ್ಲ. ಕಿತ್ತುಕೊಂಡದ್ದನ್ನು ವಾಪಸು ಕೊಟ್ಟ, ಅಷ್ಟೇ.

ಹೊಸ ಸರಕಾರ ಬಂದ ಮೇಲೆ ಒಂದು ಮಧ್ಯಾಹ್ನ ಅವಳು ಬಾಗಿಲು ಬಡಿದು, ಫೋನನ್ನು ನನ್ನ ಕಿವಿಗೆ ಒತ್ತಿದಳು. ಅವಳ ತಮ್ಮ ಜೈಲಿನಿಂದ ಮನೆಗೆ ಬಂದಿದ್ದ. ಅವನಿಗೆ ನನ್ನ ಭಾಷೆ ಬಾರದು. "ಊಟ ಆಯ್ತಾ?" ಎಂದೆ. ಅವನು ಏನೋ ಉದ್ದಕ್ಕೆ ಹೇಳಿದ.

"ಎಂತ ಅಂತೆ?"

"ಸಾಲಿನಲ್ಲಿ ಕೂಗಿದ ಹೆಂಗಸು ನೀವೇನಾ ಅಂತ ಕೇಳ್ತಾನೆ."

"ಹೌದು ಅಂತ ಹೇಳು," ಎಂದು ಅಡುಗೆಮನೆಗೆ ಓಡಿದೆ. ಕಾವಲಿಯಲ್ಲಿ ಮೀನು ಸೀಯುತ್ತಿತ್ತು.