ಬಾಲ ಹೊರಗಿದ್ದ ರೀಲು

ಪರದೆಯ ಮೇಲೆ ನಾಯಕ ತಲೆಕೆಳಗಾಗಿ ಹಿಂದಕ್ಕೆ ನಡೆಯುತ್ತಿದ್ದ. ಅವನ ಪಕ್ಕದಲ್ಲಿ ಒಂದು ಬಸ್ಸೂ ಹಾಗೇ ಹಿಂದಕ್ಕೆ ಓಡುತ್ತಿತ್ತು. ಜನ ಶಿಳ್ಳೆ ಹೊಡೆದರು. ನಾನು ಮಷಿನ್ ನಿಲ್ಲಿಸಿದೆ.

ತೊಂಬತ್ತರ ದಶಕದ ಕೊನೆ. ಹೊಳಲ್ಕೆರೆಯ ಟೆಂಟ್ ಟಾಕೀಸಿನಲ್ಲಿ ನಾನು ಆಪರೇಟರ್. ಒಬ್ಬನೇ ಷೋ ಓಡಿಸಿದ ಮೊದಲ ದಿನ ಅದು. ಅದೇ ದಿನ ತಾಳ್ಯದಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಹುಡುಗನ ಕೆಲಸ ನೋಡಿಯೇ ಮಾತು ಮುಗಿಸುವುದಂತೆ. ಹುಡುಗಿ ಗೌರಮ್ಮ, ಅವಳ ಅಜ್ಜಿ, ಅಪ್ಪ. ಕುರಿ ಸಾಕಿ ಕಂಬಳಿ ನೇಯುವ ಮನೆತನ.

ಮಧ್ಯಾಹ್ನ ಹಿರಿಯೂರಿನಿಂದ ಬಸ್ಸಿನಲ್ಲಿ ರೀಲಿನ ಡಬ್ಬಿಗಳು ಬಂದಿದ್ದವು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷ್: ‘ಟೇಲ್ಸ್ ಔಟ್’. ಗೇಟ್ ಕಾಯುವ ರುದ್ರಣ್ಣನನ್ನು ಕೇಳಿದೆ.

"ಟೇಲ್ ಅಂದ್ರೆ ಬಾಲ, ಔಟ್ ಅಂದ್ರೆ ಹೊರಗೆ. ಯಾವ್ದೋ ಪ್ರಾಣಿ ಪಿಚ್ಚರ್ ಇರ್ಬೇಕು. ಹಾಕ್ಲೇ!"

ಹಾಕಿದ್ದಕ್ಕೆ ಈ ಗತಿ. ರೀಲು ಬಿಚ್ಚಿ ಮಗುಚಿ ಹಾಕಿದೆ. ನಾಯಕನ ತಲೆ ಆಗಲೂ ಕೆಳಗೇ.

"ಲೇ, ನಾವೇ ತಲೆಕೆಳಗಾಗಿ ನಿಂತ್ಕಳಾಣೇನೋ?" ನೆಲದ ಸಾಲಿನಿಂದ ಒಬ್ಬ ಕೂಗಿದ.

"ನಿನ್ ಮದುವೆ ಹೋತು ಕಣಲೇ," ಅಂದ ರುದ್ರಣ್ಣ.

ಅಷ್ಟರಲ್ಲಿ ಅಜ್ಜಿ ಗೌರಮ್ಮನ ಕೈ ಹಿಡಿದು ಮಷಿನ್ ರೂಮಿಗೇ ಬಂದರು. "ಏನಪ್ಪ, ಏನಾತು?"

ರೀಲು ತೋರಿಸಿದೆ. ಗೌರಮ್ಮ ಅದರ ತುದಿ ಮುಟ್ಟಿ ನೋಡಿದಳು.

"ಅಜ್ಜಿ, ನಮ್ ನೂಲಿನಂಗೇ ಐತೆ. ಮೊದ್ಲು ಸುತ್ತಿದ್ದು ಒಳಗೈತೆ, ಕೊನೇದು ಹೊರಗೈತೆ. ತಿರುಗಿ ಸುತ್ರಿ ಇದನ್ನ."

ಆಗ ತಲೆಗೆ ಹೋಯಿತು. ಬಾಲ ಅಂದರೆ ರೀಲಿನ ಕೊನೆ. ಷೋ ಮುಗಿದ ಮೇಲೆ ರೀಲನ್ನು ತಿರುಗಿ ಸುತ್ತಿಯೇ ಮುಂದಿನ ಊರಿಗೆ ಕಳಿಸುವುದು ವಾಡಿಕೆ. ಹಿರಿಯೂರಿನವರಿಗೆ ಬಸ್ಸಿಗೆ ಹೊತ್ತಾಗಿತ್ತು. ಸುತ್ತಿಲ್ಲ ಎಂದು ಮುಚ್ಚಳದ ಮೇಲೆ ಹೇಳಿಯೇ ಕಳಿಸಿದ್ದರು.

ನಾನು ಸುತ್ತುವ ಹಿಡಿ ತಿರುಗಿಸಿದೆ. ಸಡಿಲವಾಗದಂತೆ ಗೌರಮ್ಮ ಆ ಕಡೆಯ ಚಕ್ರ ಹಿಡಿದಳು. ಅಜ್ಜಿ ಬಾಗಿಲಲ್ಲಿ ನಿಂತು ಕೂಗಿದರು: "ಕುಂತ್ಕಳ್ರಿ ಎಲ್ರೂ! ಹುಡುಗ ನೂಲು ಸುತ್ತಾ ಅವ್ನೆ!"

ನಾಯಕ ನೆಟ್ಟಗೆ ನಡೆದ. ಟೆಂಟ್ ಹಾರಿಹೋಗುವಷ್ಟು ಶಿಳ್ಳೆ.

ಷೋ ಬಿಟ್ಟ ಮೇಲೆ ಗೌರಮ್ಮನ ಅಪ್ಪ ಬಂದರು.

"ಆ ಉಲ್ಟಾ ನಡೆಯೋದು ಇನ್ನೊಂದ್ಸಲ ತೋರ್ಸಪ್ಪ. ಬೋ ಚೆನ್ನಾಗಿತ್ತು."

"ಮದ್ವೇಲಿ ತೋರಿಸ್ತಾನೆ, ನಡಿ," ಅಂದರು ಅಜ್ಜಿ.

ಇಂಗ್ಲಿಷ್ ಅರ್ಥವಾಗದಿದ್ದರೆ ಮೊದಲು ಡಬ್ಬಿ ತೆಗೆದು ರೀಲು ಮುಟ್ಟಿ ನೋಡಬೇಕು. ಕೆಲಸ ಕಲಿಸಿದ್ದು ಇಷ್ಟು. ಮದುವೆ ಆಯಿತು. ಹೇಳಲು ಇನ್ನೇನೂ ಇಲ್ಲ.