ಹೋಳಿಗೆ ಉಂಡು ಹೋದ ತಪಾಸಣೆ

ನಾನು ಹುಟ್ಟಿದ್ದು ಪೋತ್ನಾಳದಲ್ಲಿ. ಕಾಲುವೆ ನೀರಿನ ಊರು, ಸುತ್ತಲೂ ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಮದುವೆಯಾಗಿ ಬಂದದ್ದು ದೇವದುರ್ಗಕ್ಕೆ, ಜೋಳದ ಖಡಕ್ ರೊಟ್ಟಿ ಮಾರಿಯೇ ಮನೆ ನಡೆಸುತ್ತಿದ್ದ ಅತ್ತೆಯ ಕೈಕೆಳಗೆ. ನೋಡಲು ಬಂದಾಗ ಮನೆತನ ವಿಚಾರಿಸಿದರು, ಓದು ವಿಚಾರಿಸಿದರು, ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಮೊದಲ ರೊಟ್ಟಿಯನ್ನು ಅತ್ತೆ ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಇಟ್ಟರು. ಎಮ್ಮೆ ಕೂಡ ಸ್ವಲ್ಪ ಹೊತ್ತು ಯೋಚಿಸಿಯೇ ಬಾಯಿ ಹಾಕಿತು.

ಅತ್ತೆಯ ರೊಟ್ಟಿಗೆ ರಾಯಚೂರಿನ ಖಾನಾವಳಿಗಳಲ್ಲಿ ಹೆಸರಿತ್ತು. ಮಾನ್ವಿಯಲ್ಲೂ ಗಿರಾಕಿಗಳಿದ್ದರು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಗಂಟು ತನ್ನಷ್ಟಕ್ಕೆ ಊರು ಸೇರುತ್ತಿತ್ತು. ಕೆಲಸಕ್ಕೆ ನಾಲ್ಕಾರು ಹೆಂಗಸರು ಬರುತ್ತಿದ್ದರು. ಅವರೆಲ್ಲ ಬಡಿಯುವಾಗ ನಾನು ಎಳ್ಳು ಉದುರಿಸುತ್ತಿದ್ದೆ. ಬಿ.ಕಾಂ. ಓದಿದವಳಿಗೆ ಅತ್ತೆ ನಂಬಿ ಕೊಟ್ಟ ಕೆಲಸ ಅದೊಂದೇ.

ಹೀಗಿರುವಾಗ ರೊಟ್ಟಿ ಬಾರದ ಸೊಸೆಯ ಸಹಾಯಕ್ಕೆ ಸರ್ಕಾರವೇ ಧಾವಿಸಿತು. ಸಣ್ಣ ಆಹಾರ ಉದ್ದಿಮೆಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ, ಅದರಲ್ಲಿ ಒಂದು ಪಾಲು ಸಬ್ಸಿಡಿ ಕೊಡುವ ಯೋಜನೆಯೊಂದು ಬಂದಿದೆ ಎಂದು ನನ್ನ ಗಂಡ ಸುದ್ದಿ ತಂದರು. ರೊಟ್ಟಿ ಮಾಡುವ ಮಶೀನು ಕೊಳ್ಳಬಹುದಂತೆ. ಮಶೀನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಲು ನಾನು ಓಡಿದ ವೇಗ ನೋಡಿ ಮನೆಯವರೆಲ್ಲ ನಕ್ಕರು. ನೋಂದಣಿ, ಪರವಾನಗಿ, ಕೊಟೇಶನ್ನು ಎಂದು ರಾಯಚೂರಿನ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದೆನೆಂದರೆ, ಕಂಡಕ್ಟರ್ ನನ್ನನ್ನೂ ರೊಟ್ಟಿ ಗಂಟಿನ ಲೆಕ್ಕಕ್ಕೇ ಸೇರಿಸಿದ್ದ.

ರಾಯಚೂರಿನಲ್ಲಿ ತರಬೇತಿಯೂ ಆಯಿತು. ಅತ್ತೆ, ನಾನು ಇಬ್ಬರೂ ಹೋಗಿದ್ದೆವು. ಪಾಠ ಹೇಳಿದವರು ಪರದೆಯ ಮೇಲೆ ಚಿತ್ರ ತೋರಿಸಿ, ನಿಮ್ಮಂಥ ಸಣ್ಣ ಉದ್ದಿಮೆದಾರರೇ ದೇಶದ ಆರ್ಥಿಕತೆಯ ಬೆನ್ನೆಲುಬು ಎಂದರು. ಅತ್ತೆ ಅದನ್ನು ಗಂಭೀರವಾಗಿ ಕೇಳಿಸಿಕೊಂಡರು. ಊಟದ ಬಿಡುವಿನಲ್ಲಿ ಅವರ ಹತ್ತಿರ ಹೋಗಿ, ವರ್ಷಾನುಗಟ್ಟಲೆ ಬಗ್ಗಿ ರೊಟ್ಟಿ ಬಡಿದ ತಮ್ಮ ಬೆನ್ನಿಗೆ ಯೋಜನೆಯಲ್ಲಿ ಏನಾದರೂ ಎಣ್ಣೆ ಗಿಣ್ಣೆ ಸಿಗುತ್ತದೆಯೇ ಎಂದು ವಿಚಾರಿಸಿದರು. ಊಟಕ್ಕೆ ಅವರು ಕೊಟ್ಟದ್ದು ಚಪಾತಿ.

ಕೊನೆಗೆ ಮಶೀನು ಬಂತು. ಒಂದು ಕಡೆ ಹಿಟ್ಟಿನ ಉಂಡೆ ಇಟ್ಟರೆ ಇನ್ನೊಂದು ಕಡೆಯಿಂದ ದುಂಡನೆಯ ರೊಟ್ಟಿ ಒಂದರ ಹಿಂದೊಂದು ಜಾರಿ ಬರುತ್ತಿತ್ತು, ಅದನ್ನು ಹಿಡಿದು ಹಂಚಿನ ಮೇಲೆ ಹಾಕಿ, ಬಟ್ಟೆಯಿಂದ ಒತ್ತಿ ಖಡಕ್ ಮಾಡಬೇಕು. ಮೊದಲ ರೊಟ್ಟಿಯನ್ನು ಅತ್ತೆ ತಿರುಗಿಸಿ ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು. “ದುಂಡಗದ,” ಎಂದರು. ಇನ್ನೊಮ್ಮೆ ತಟ್ಟಿ, “ಬರೇ ದುಂಡಗದ,” ಎಂದರು. ಆದರೂ ಸುತ್ತಮುತ್ತಲಿನ ಖಾನಾವಳಿಗಳಿಗೆ ಆ ದುಂಡು ಹಿಡಿಸಿತು.

ರೊಟ್ಟಿ ಜಾರಿ ಬರುವ ತುದಿಯಲ್ಲಿ, ಹಂಚಿನ ಮುಂದೆ ಕೂರುತ್ತಿದ್ದವಳು ನನ್ನ ವಾರಿಗೆಯವಳು, ಊರಾಚೆಯ ಕೇರಿಯವಳು. ಮದುವೆಯಾಗಿ ಬಂದ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ. ಪ್ರತಿವರ್ಷ ತೊಗರಿ ಕೊಯ್ಲು ಮುಗಿದ ಮೇಲೆ ಅವಳೂ ಗಂಡನೂ ಮಗಳನ್ನು ಕರೆದುಕೊಂಡು ಮೇಸ್ತ್ರಿಯ ಗಾಡಿ ಹತ್ತಿ ದೂರದ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮಳೆ ಬೀಳುವ ಹೊತ್ತಿಗೆ ವಾಪಸು. ಮಗಳು ಪ್ರತಿ ಸಲ ಅರ್ಧ ವರ್ಷಕ್ಕೇ ಶಾಲೆ ಬಿಡುತ್ತಿದ್ದಳು, ಮುಂದಿನ ವರ್ಷ ಬಂದು ಮೇಲಿನ ತರಗತಿಯಲ್ಲಿ ಕೂರುತ್ತಿದ್ದಳು. ಮಶೀನು ಬಂದ ಮೇಲೆ ನಮ್ಮಲ್ಲಿ ವರ್ಷಪೂರ್ತಿ ಕೆಲಸ ಇರುತ್ತದೆ ಎಂದು ನಾನು ಮಾತು ಕೊಟ್ಟಿದ್ದೆ. ಗಂಡ ಈ ಸಲ ಒಬ್ಬನೇ ಹೋಗಲಿ, ನಾನು ಮಗಳು ಇಲ್ಲೇ ಇರುತ್ತೇವೆ ಎಂದು ಅವಳು ಮನೆಯಲ್ಲಿ ಹೇಳಿಬಿಟ್ಟಿದ್ದಳು.

ಆದರೆ ಮಶೀನು ಇನ್ನೂ ಪೂರ್ತಿ ನಮ್ಮದಾಗಿರಲಿಲ್ಲ. ಬ್ಯಾಂಕು ಮಶೀನು ಮಾರಿದ ಅಂಗಡಿಯವರಿಗೆ ಅರ್ಧ ಹಣ ಕೊಟ್ಟಿತ್ತು. ಘಟಕ ನಡೆಯುತ್ತಿದೆ ಎಂದು ಅಧಿಕಾರಿ ಬಂದು ನೋಡಿ ವರದಿ ಕೊಟ್ಟರೆ ಉಳಿದರ್ಧ. ಕೊಡದಿದ್ದರೆ ಅಂಗಡಿಯವರು ಮಶೀನನ್ನು ರಾಯಚೂರಿಗೆ ವಾಪಸು ಒಯ್ಯುತ್ತಾರೆ.

ಒಂದು ಸಂಜೆ ಫೋನು ಬಂತು, ನಾಳೆ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದು. ಅತ್ತೆ ಆ ಕ್ಷಣವೇ ಕೆಲಸ ನಿಲ್ಲಿಸಿದರು. ದೊಡ್ಡವರು ಮನೆಗೆ ಬರುವಾಗ ಹಿಟ್ಟಿನ ಧೂಳಿನಲ್ಲಿ ನಿಲ್ಲಿಸಿ ಮಾತಾಡಿಸುವುದು ಎಂದರೇನು? ಬೀಗರು ಬಂದಾಗ ಯಾರಾದರೂ ಕಸ ಗುಡಿಸುತ್ತಾರೆಯೇ? ಹಿಟ್ಟಿನ ಚೀಲಗಳು ಹಿಂದಿನ ಕೋಣೆಗೆ ಹೋದವು. ಸಿದ್ಧವಾಗಿದ್ದ ರೊಟ್ಟಿಯೆಲ್ಲ ಬಸ್ಸು ಹತ್ತಿತು. ಮಶೀನನ್ನು ತೊಳೆದು ಒರೆಸಿ, ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದು ಪೂಜೆ ಮಾಡಿದರು. ನಾನು ಬಾಗಿಲಿಗೆ ದೊಡ್ಡ ರಂಗೋಲಿ ಬಿಟ್ಟೆ, ತರಬೇತಿ ಪಡೆದವಳು ಎಂಬುದು ಅದರಲ್ಲಿ ಕಾಣುವ ಹಾಗೆ. ಕೆಲಸದ ಹೆಂಗಸರಿಗೆ ಇಳಕಲ್ ಸೀರೆ ಉಟ್ಟು ಗೋಡೆಗೆ ಒತ್ತಿ ಸಾಲಾಗಿ ನಿಲ್ಲಲು ಹೇಳಿದೆವು.

ಅಧಿಕಾರಿ ಮೈಸೂರು ಕಡೆಯ ಹುಡುಗ, ಕೆಲಸಕ್ಕೆ ಸೇರಿ ಬಹಳ ದಿನ ಆಗಿರಲಿಲ್ಲ. ಹೊಳೆಯುವ ಮಶೀನು ನೋಡಿದ, ಸಾಲಾಗಿ ನಿಂತ ಹೆಂಗಸರನ್ನು ನೋಡಿದ, ಒಂದು ಸಲ ಶುರು ಮಾಡಿ ತೋರಿಸಿ ಎಂದ. ಪೂಜೆ ಮಾಡಿ ಮಾಲೆ ಹಾಕಿದ ಮಶೀನನ್ನು ಅದೇ ದಿನ ಓಡಿಸುವುದಿಲ್ಲ, ನಾಳೆ ಹೂ ತೆಗೆದ ಮೇಲೆ ಎಂದರು ಅತ್ತೆ. ಹೋಗಲಿ, ಒಂದು ರೊಟ್ಟಿಯನ್ನಾದರೂ ತೋರಿಸಿ ಎಂದ. ಸಾಹೇಬರಿಗೆ ಜೋಳದ ರೊಟ್ಟಿ ಕೊಡುವುದೇ! ಅತ್ತೆ ನಾಚಿ ನಕ್ಕು, ಒಳಗಿನಿಂದ ತುಪ್ಪ ಸುರಿದ ಹೋಳಿಗೆ ತಂದಿಟ್ಟರು. ಬೇಡ ಎಂದರೂ ಬಿಡಲಿಲ್ಲ. ಸಾಕು ಎಂದಾಗಲೆಲ್ಲ ಇನ್ನೊಂದು ಬಿತ್ತು. ಹೊರಡುವಾಗ ಅವನು ಕೈ ಮುಗಿದು, ತುಂಬಾ ಚೆನ್ನಾಗಿತ್ತು ಎಂದ. ಅದನ್ನು ನಾವು ಘಟಕದ ಬಗ್ಗೆ ಎಂದು ತಿಳಿದುಕೊಂಡೆವು, ಓಣಿಗೆಲ್ಲ ಉಳಿದ ಹೋಳಿಗೆ ಹಂಚಿದೆವು.

ವಾರ ಕಳೆಯುವುದರೊಳಗೆ ಬ್ಯಾಂಕಿನವರು ಕರೆಸಿದರು. ಘಟಕ ಚಾಲನೆಯಲ್ಲಿರಲಿಲ್ಲ, ಕಚ್ಚಾ ಸಾಮಗ್ರಿ ಕಾಣಲಿಲ್ಲ, ಉತ್ಪನ್ನ ಕಾಣಲಿಲ್ಲ ಎಂದು ವರದಿ ಬಂದಿತ್ತು. ಉಳಿದ ಹಣ ಕೊಡಲು ಬರುವುದಿಲ್ಲ ಎಂದರು. ಮನೆಗೆ ಬಂದು ಹೇಳಿದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ಕೂತರು. ಅವರಿಗೆ ಮಶೀನು ಹೋಗುವುದಕ್ಕಿಂತ ಹೆಚ್ಚು ನೋವಾದದ್ದು ತುಪ್ಪದ ವಿಷಯದಲ್ಲಿ. ಹಂಚಿನ ಮುಂದೆ ಕೂತಿದ್ದ ಗೆಳತಿ ಒಲೆ ಆರಿಸಿ ಎದ್ದಳು. ಅಮಾವಾಸ್ಯೆ ಕಳೆದ ಮೇಲೆ ಮೇಸ್ತ್ರಿಯ ಗಾಡಿ ಹೊರಡುತ್ತದೆ, ಮೇಸ್ತ್ರಿಯ ಪಟ್ಟಿಯಲ್ಲಿ ತನ್ನ ಹೆಸರು ಬಿಡಬೇಕೋ ಇಡಬೇಕೋ ಎಂದು ಗಂಡ ಕೇಳುತ್ತಿದ್ದಾನೆ ಎಂದಷ್ಟೇ ಹೇಳಿದಳು. ನನಗೆ ಅವಳ ಮುಖ ನೋಡುವ ಧೈರ್ಯ ಆಗಲಿಲ್ಲ. ಮರುದಿನವೇ ರಾಯಚೂರಿನ ಬಸ್ಸು ಹತ್ತಿದೆ.

ಕಚೇರಿಯಲ್ಲಿ ಆ ಹುಡುಗ ನನ್ನನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಕೊಟ್ಟ. ಹೋಳಿಗೆಯ ಋಣ ಇನ್ನೂ ಕರಗಿರಲಿಲ್ಲ ಅನ್ನಿಸುತ್ತದೆ. ನಾನು ಎಲ್ಲ ವಿವರಿಸಿದೆ. ಮಶೀನು ದಿನವೂ ಓಡುತ್ತದೆ, ನೀವು ಬರುತ್ತೀರಿ ಎಂಬ ಕಾರಣಕ್ಕೇ ನಿಲ್ಲಿಸಿದ್ದೆವು ಎಂದೆ. ಅವನು ಕಡತ ತೆರೆದು ವರದಿಯನ್ನು ನನ್ನ ಮುಂದೆ ಇಟ್ಟ.

“ಮೇಡಂ, ನಾನು ಕಂಡಿದ್ದನ್ನೇ ತಾನೇ ಬರೀಬೇಕು? ಹೋಳಿಗೆ ಘಟಕ ಅಂತ ಅರ್ಜಿ ಹಾಕಿದ್ರೆ ಅವತ್ತೇ ಸಹಿ ಮಾಡ್ತಿದ್ದೆ,” ಎಂದ.

ಇನ್ನೊಂದು ಸಲ ಬನ್ನಿ ಎಂದು ಬೇಡಿಕೊಂಡೆ. ಬರುತ್ತೇನೆ, ಆದರೆ ಯಾವತ್ತು ಎಂದು ಹೇಳುವುದಿಲ್ಲ, ಹೇಳಿದರೆ ನೀವು ಮತ್ತೆ ಹೂ ಹಾಕುತ್ತೀರಿ ಎಂದ. ಈ ಮಾತನ್ನು ಮನೆಗೆ ಬಂದು ಹೇಳಿದರೆ ಅತ್ತೆ ಒಪ್ಪಲಿಲ್ಲ. ಹೇಳದೆ ಕೇಳದೆ ಮನೆಗೆ ಬರುವುದು ಯಾವ ಊರಿನ ಪದ್ಧತಿ ಎಂದು ಆ ಹುಡುಗನ ತಾಯಿ ತಂದೆಯವರೆಗೂ ಹೋದರು. ಆದರೂ ದಿನವೂ ಒಂದು ಡಬ್ಬಿಯಲ್ಲಿ ಹೂರಣ ಸಿದ್ಧವಾಗಿರುತ್ತಿತ್ತು. ಸಂಜೆಯವರೆಗೆ ಕಾದು, ಅವನು ಬರಲಿಲ್ಲ ಎಂದಾದ ಮೇಲೆ ಅದನ್ನು ನಾವು ತಿನ್ನುತ್ತಿದ್ದೆವು. ಆ ದಿನಗಳಲ್ಲಿ ನಮ್ಮೆಲ್ಲರ ರವಿಕೆಗಳೂ ಬಿಗಿಯಾದವು.

ಅಮಾವಾಸ್ಯೆ ಬಂದು ಹೋಯಿತು. ಇನ್ನೊಂದು ದಿನ ಕಳೆದರೆ ಗಾಡಿ ಹೊರಡುವುದಿತ್ತು. ಅವತ್ತು ಮಧ್ಯಾಹ್ನ, ಮಶೀನು ಭರದಿಂದ ಓಡುತ್ತಿದ್ದಾಗ, ಓಣಿಯ ತಿರುವಿನಲ್ಲಿ ಜೀಪು ಬಂತು ಎಂದು ಯಾರೋ ಕೂಗಿದರು. ಯಾರೇ ಬಂದರೂ ಮಶೀನು ನಿಲ್ಲಿಸಬಾರದೆಂದು ಇಷ್ಟು ದಿನ ನನ್ನಿಂದ ಬುದ್ಧಿ ಹೇಳಿಸಿಕೊಂಡ ಅತ್ತೆ, ಜೀಪು ಎಂದದ್ದೇ ಎಲ್ಲ ಮರೆತು, ಬಂದ್ ಮಾಡಿ, ಏಳಿ ಎಂದು ಎರಡೂ ಕೈ ಬೀಸಿದರು. ಅಭ್ಯಾಸ ಎಂಬುದು ತರಬೇತಿಗೆ ಜಗ್ಗುವುದಿಲ್ಲ. ಹಿಟ್ಟು ನಾದುತ್ತಿದ್ದವಳು ಎದ್ದಳು, ಉಂಡೆ ಕಟ್ಟುತ್ತಿದ್ದವಳು ಎದ್ದು ಸೆರಗು ಹೊದ್ದಳು. ಸ್ವಿಚ್ಚಿನ ಕಡೆ ಹೊರಟ ಅತ್ತೆಗೆ ನಾನು ಅಡ್ಡ ನಿಂತೆ. ಮದುವೆಯಾದ ಮೇಲೆ ಹಾಗೆ ನಿಂತದ್ದು ಅದೇ ಮೊದಲು. ಅಷ್ಟರಲ್ಲಿ ಅಧಿಕಾರಿ ಬಾಗಿಲಿಗೆ ಬಂದೇಬಿಟ್ಟ, ಹಿಟ್ಟಿನ ಧೂಳಿಗೆ ಎರಡು ಸಲ ಸೀನಿದ.

ಹಂಚಿನ ಮುಂದಿದ್ದವಳು ಮಾತ್ರ ಕೂತೇ ಇದ್ದಳು. ನಮ್ಮ ಕಡೆ ಅವಳಂಥವರು ಸಾಹೇಬರ ಮುಂದೆ ಕೂತದ್ದನ್ನು ನಾನು ನೋಡಿರಲಿಲ್ಲ. ಪಂಚಾಯಿತಿಯ ಜವಾನ ಬಂದರೂ ಎದ್ದು ನಿಲ್ಲುತ್ತಿದ್ದವಳು ಅವಳು. ಅತ್ತೆಗೆ ಮೈಯೆಲ್ಲ ಉರಿಯಿತು.

“ಏಳಬೇ. ಸಾಹೇಬ್ರು ನಿಂತಾರ, ಕಾಣಂಗಿಲ್ಲೇನು?”

ಅವಳು ತಲೆ ಎತ್ತಲಿಲ್ಲ. ಜಾರಿ ಬಂದ ರೊಟ್ಟಿಯನ್ನು ಹಿಡಿದು ಹಂಚಿಗೆ ಹಾಕಿದಳು, ಮೊದಲಿನದನ್ನು ಬಟ್ಟೆಯಿಂದ ಒತ್ತಿದಳು.

“ನಾ ಏಳಂಗಿಲ್ರಿ ಯವ್ವಾ. ನಾ ಎದ್ರ ರೊಟ್ಟಿ ಹೊತ್ತತಾವ. ಮಶೀನ್ ಬಂದ್ ಮಾಡಿದ್ರ ಅದು ರಾಯಚೂರಿಗೆ ಹೋಗ್ತದ, ನಾ ನಾಳಿ ಗಾಡಿ ಹತ್ತತೀನಿ. ಬೇಕಾದ್ರ ಸಾಹೇಬ್ರೇ ಕುಂಡ್ರಲಿ.”

ಅತ್ತೆ ಕಣ್ಣು ಮುಚ್ಚಿಕೊಂಡರು. ಆ ಹುಡುಗ ಒಂದು ಕ್ಷಣ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಬಂದು ಅವಳ ಎದುರಿಗೆ, ಹಿಟ್ಟು ಚೆಲ್ಲಿದ ನೆಲದ ಮೇಲೆ ಕೂತ. ಒಂದು ರೊಟ್ಟಿ ಕೊಡಿ ಎಂದ. ಅವಳು ಹಂಚಿನಿಂದ ಇಳಿಸಿದ್ದನ್ನೇ ಕೊಟ್ಟಳು. ಅವನು ಅದನ್ನು ಮುರಿದು ತಿನ್ನುತ್ತ, ಇನ್ನೊಂದು ಕೈಯಲ್ಲಿ ಫೋಟೋ ತೆಗೆದುಕೊಂಡ. ಅತ್ತೆ ಓಡಿಹೋಗಿ ಹೋಳಿಗೆ ತರುವಷ್ಟರಲ್ಲಿ ಅವನ ಪ್ಯಾಂಟು ಪೂರ್ತಿ ಬೆಳ್ಳಗಾಗಿತ್ತು.

ವರದಿ ಏನು ಬರೆಯುತ್ತಾನೆ ಎಂದು ಅವನು ಹೇಳಲಿಲ್ಲ. ತಪಾಸಣೆಗೆ ಬಂದವರಿಗೆ ಹಾಗೆ ಹೇಳುವ ಅಧಿಕಾರ ಇಲ್ಲವಂತೆ. ಮರುದಿನ ಗಾಡಿ ಅವಳ ಗಂಡನನ್ನು ಹತ್ತಿಸಿಕೊಂಡು ಹೊರಟಿತು. ಅವಳು ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದಳು. ವರದಿ ಸರಿಯಾಗಿದೆ ಎಂದು ಬ್ಯಾಂಕಿನಿಂದ ನಮಗೆ ಗೊತ್ತಾಗುವ ಹೊತ್ತಿಗೆ ಬೇಸಿಗೆ ಶುರುವಾಗಿತ್ತು. ಅಷ್ಟೂ ದಿನ ಯಾವ ಧೈರ್ಯದ ಮೇಲೆ ಉಳಿದೆ ಎಂದು ಕೇಳಿದ್ದಕ್ಕೆ, ಕೂತವರನ್ನು ಸರ್ಕಾರದವರು ಎಬ್ಬಿಸಲಿಲ್ಲವಲ್ಲ, ಅಷ್ಟೇ ಸಾಕಾಯಿತು ಎಂದಳು.

ಬೇಸಿಗೆಯ ಒಂದು ಮಧ್ಯಾಹ್ನ ಅವಳ ಮಗಳು ಪುಸ್ತಕದ ಚೀಲ ಹೊತ್ತು ನೇರ ನಮ್ಮ ಮನೆಗೆ ಬಂದಳು. ಮುಖ ಊದಿಸಿಕೊಂಡು ನನ್ನ ಮುಂದೆ ನಿಂತಳು. ವಾರ್ಷಿಕ ಪರೀಕ್ಷೆಯ ಮೊದಲ ದಿನ ಅದು. ಹುಟ್ಟಿದ ಮೇಲೆ ಆ ಪರೀಕ್ಷೆ ಬರುವ ಹೊತ್ತಿಗೆ ಅವಳು ಊರಲ್ಲಿದ್ದದ್ದೇ ಇಲ್ಲ.

“ಅತ್ತಿ, ನಿಮ್ಮ ಮಶೀನ್ ಸಲುವಾಗಿ ನಾ ಪರೀಕ್ಷಿ ಬರಿಯಂಗಾತು ನೋಡ್ರಿ,” ಎಂದು ಜಗಳಕ್ಕೆ ನಿಂತಳು.