ಮಳೆಯಲ್ಲೇ ಬನ್ನಿ ಎಂದೆವು

ಹಟ್ಟಿಕೇರಿಯಲ್ಲಿ ನಮ್ಮ ಮನೆಗಳ ಮೇಲಿನ ದಿಬ್ಬದ ಮೇಲೆ ದೊಡ್ಡ ಡೇರಿ ಶುರುವಾದಾಗ ಕೇರಿಗೆಲ್ಲ ಖುಷಿಯೇ ಆಗಿತ್ತು. ನನ್ನ ಮೈದುನನಿಗೂ ಅಲ್ಲಿ ಹಾಲು ಕರೆಯುವ ಕೆಲಸ ಸಿಕ್ಕಿತು. ದನಗಳು ಹೆಚ್ಚಿದಂತೆ ಸೆಗಣಿಯ ರಾಶಿಯೂ ಬೆಳೆಯಿತು. ಮಳೆಗಾಲದಲ್ಲಿ ನಮ್ಮ ಬಾವಿಗಳ ನೀರು ಕಂದು ಬಣ್ಣಕ್ಕೆ ತಿರುಗಿ ನಾರತೊಡಗಿತು. ಮಕ್ಕಳಿಗೆ ವಾಂತಿಭೇದಿ. ನಾನಾಗ ಪಂಚಾಯಿತಿ ಸದಸ್ಯೆ. ಬೆಳಗಾದರೆ ಹೆಂಗಸರು ನನ್ನ ಅಂಗಳದಲ್ಲಿ.

ದೂರು ಕೊಟ್ಟಾಗ ಮಾಲಿನ್ಯ ತಪಾಸಣೆಯ ಅಧಿಕಾರಿ ಬಂದದ್ದು ಬೇಸಿಗೆಯಲ್ಲಿ. ಒಣನೆಲದಲ್ಲಿ ಅವರಿಗೇನೂ ಕಾಣಲಿಲ್ಲ. ನಾನು ಕಾರವಾರದ ಅವರ ಕಚೇರಿಗೆ ಹೋಗಿ, ಮಳೆ ಹೊಯ್ಯುವಾಗಲೇ ಬರಬೇಕೆಂದು ಪಟ್ಟುಹಿಡಿದೆ. ಅವರು ಸಿಟ್ಟಾಗಲಿಲ್ಲ, ಕರೆಯಿರಿ ಅಂದರು.

ಆಷಾಢದ ಜಡಿಮಳೆಯಲ್ಲಿ ಫೋನ್ ಮಾಡಿದೆ. ಬಂದೇಬಿಟ್ಟರು. ಡೇರಿಯ ಮಾಲೀಕರು ಕೊಡೆ ಹಿಡಿದು ನಿಂತು, ಕೊಟ್ಟಿಗೆ ತೊಳೆದ ನೀರೆಲ್ಲ ತಮ್ಮ ಗುಂಡಿಯಲ್ಲೇ ಉಳಿಯುತ್ತದೆಂದು ವಿವರಿಸಿದರು. ಹೌದೇ ಎಂದು ಅಧಿಕಾರಿ ಕೆಲಸದವರನ್ನು ಕೇಳಿದರು. ಅವರು ಮಾಲೀಕರ ಮುಖ ನೋಡಿದರು. ನಾನು ಮೈದುನನತ್ತ ನೋಡಲಿಲ್ಲ. ಅದು ಅವನ ಅನ್ನದ ಮಾತು.

ಅವನೇ ಮುಂದೆ ಬಂದ. "ಗುಂಡಿ ತುಂಬಿ ಹೋಗ್ತದೆ ಸಾಹೇಬ್ರೆ. ಮಳೆ ಬಂದ್ರೆ ನಮ್ಮ ಹತ್ರನೇ ಕಟ್ಟೆ ಒಡೆಸಿ ಕೆಳಗೆ ಬಿಡಿಸ್ತಾರೆ. ಬನ್ನಿ, ತೋರಿಸ್ತೆ."

ನಾವೆಲ್ಲ ಅವನ ಹಿಂದೆ ಕಾಲುವೆಗುಂಟ ಇಳಿದೆವು. ಕಂದು ನೀರು ನಮ್ಮ ಜೊತೆಜೊತೆಗೇ ಹರಿದು ಬಾವಿಕಟ್ಟೆಯ ಬುಡಕ್ಕೆ ಬಂದು ನಿಂತಿತು. ಅಧಿಕಾರಿ ಬಾಟಲಿಗಳಲ್ಲಿ ನೀರು ತುಂಬಿಕೊಂಡರು.

ಮರುದಿನ ಮೈದುನನನ್ನು ಕೆಲಸದಿಂದ ತೆಗೆದರು. ಸಂಜೆ ಹಾಲು ಕರೆಯಲು ಉಳಿದ ಕೆಲಸದವರು ಒಬ್ಬರೂ ಕೊಟ್ಟಿಗೆಗೆ ಇಳಿಯಲಿಲ್ಲ. ಕೆಚ್ಚಲು ಬಿಗಿದ ದನಗಳ ಕೂಗು ಕೇರಿಯವರೆಗೂ ಕೇಳುತ್ತಿತ್ತು. ಕತ್ತಲಾಗುವ ಮೊದಲೇ ಮಾಲೀಕರು ತಾವೇ ನಮ್ಮ ಮನೆಗೆ ಬಂದು ಅವನನ್ನು ಕರೆದೊಯ್ದರು.

ಆಮೇಲೆ ಆದೇಶವೂ ಬಂತು. ಸೋರದ ಸಿಮೆಂಟು ತೊಟ್ಟಿ, ಸೆಗಣಿಗೆ ಚಾವಣಿ ಹಾಕಿದ ಜಾಗ ಆಗುವವರೆಗೆ ಇನ್ನೊಂದು ದನವನ್ನೂ ತರುವಂತಿಲ್ಲ. ಕೊಳಕು ನೀರು ಬೇಲಿ ದಾಟುವಂತಿಲ್ಲ. ಮಾಲೀಕರು ಗೊಣಗುತ್ತಲೇ ಎಲ್ಲ ಕಟ್ಟಿಸಿದರು. ನಾವು ಬಾವಿಗಳನ್ನು ಬರಿದು ಮಾಡಿ, ಕೆಸರು ತೆಗೆದು, ಸುಣ್ಣ ಹಾಕಿದೆವು.

ಮುಂದಿನ ಮಳೆಗಾಲ ಪೂರ್ತಿ ದಿನಾ ಬಾವಿಗೆ ಇಣುಕಿ ನೋಡಿದೆವು. ನೀರು ತಿಳಿಯಾಗಿಯೇ ಉಳಿಯಿತು. ಕುಡಿಯಲು ಯೋಗ್ಯವೆಂದು ಪರೀಕ್ಷೆಯವರೂ ಹೇಳಿದರು. ಆ ವರ್ಷ ಚೌತಿಯ ಅಡುಗೆಗೆ ಅತ್ತೆ, ಬಾವಿ ಕೆಟ್ಟಾಗ ಪಂಚಾಯಿತಿ ಹಾಕಿಸಿದ್ದ ಕೊಳಾಯಿಯ ನೀರನ್ನು ಮುಟ್ಟಗೊಡಲಿಲ್ಲ. ಸೊಸೆಯಂದಿರನ್ನೆಲ್ಲ ಬಾವಿಗೇ ಅಟ್ಟಿದರು. ಪಾಯಸ ಬಡಿಸುವಾಗ ಮೊದಲ ಸೌಟು ಬಿದ್ದದ್ದು ಮೈದುನನ ಎಲೆಗೆ.

"ಇವತ್ತು ಸಾಕು ಅಂಬ್ರೆ ಕೇಳೂದಿಲ್ಲ ನಾನು," ಅಂದರು ಅತ್ತೆ.